ಅರ್ಧ ಕಥೆಯ ಸಹಿ

ನಮ್ಮೂರಿನಲ್ಲಿ ಸಹಿ ಹಾಕದವರು ಫೋಟೋದಲ್ಲಿ ಬೀಳುವುದಿಲ್ಲ. ಮದುವೆಗೆ ಬಂದ ಫೋಟೋದವನು ಚೀಲದಿಂದ ಕ್ಯಾಮೆರಾ ತೆಗೆಯುವ ಮೊದಲು ಒಂದು ಉದ್ದನೆಯ ಪುಸ್ತಕ ತೆಗೆದು ಅಕ್ಷತೆ ತಟ್ಟೆಯ ಪಕ್ಕ ಇಡುತ್ತಾನೆ. ಬಂದವರು ಅಕ್ಷತೆ ತೆಗೆದುಕೊಂಡು, ರುಜು ಹಾಕಿ ಮುಂದೆ ಹೋಗುತ್ತಾರೆ. ಹಾಕದವರ ಜಾಗದಲ್ಲಿ ಖಾಲಿ ಕುರ್ಚಿ ಬರುತ್ತದೆ. ಅಣ್ಣತಮ್ಮಂದಿರ ಮನಸ್ತಾಪ ಎಷ್ಟು ದೂರ ಹೋಗಿದೆ ಎಂಬುದನ್ನು ನಮ್ಮಲ್ಲಿ ಮದುವೆ ಆಲ್ಬಮ್ ನೋಡಿಯೇ ಹೇಳಬಹುದು. ಒಮ್ಮೆ ಹೊಸ ನಲ್ಲಿಯ ಉದ್ಘಾಟನೆಗೆ ಬಂದ ಪುರಸಭೆ ಅಧ್ಯಕ್ಷರು ಗಡಿಬಿಡಿಯಲ್ಲಿ ಸಹಿ ಮರೆತರು. ಫೋಟೋದಲ್ಲಿ ಟೇಪು ತನ್ನಷ್ಟಕ್ಕೆ ತಾನೇ ತುಂಡಾಗುತ್ತಿತ್ತು, ಸುತ್ತ ನಿಂತವರು ಗಾಳಿಯ ಕಡೆ ನೋಡುತ್ತ ಚಪ್ಪಾಳೆ ತಟ್ಟುತ್ತಿದ್ದರು. ಆ ಫೋಟೋ ಇವತ್ತಿಗೂ ಪುರಸಭೆಯ ಗೋಡೆಯ ಮೇಲಿದೆ. ತೆಗೆದರೆ ಹಿಂದಿನ ತೇವದ ಕಲೆ ಕಾಣುತ್ತದೆಂದು ಯಾರೂ ತೆಗೆದಿಲ್ಲ.

ಈ ಮಾತು ಮುಖಕ್ಕಷ್ಟೇ ಅಲ್ಲ. ಯಜಮಾನ ಒಪ್ಪದಿದ್ದರೆ ಸಿನಿಮಾದಲ್ಲಿ ಮನೆ ಬೀಳುವುದಿಲ್ಲ, ನಾಯಕಿ ಬಾಗಿಲು ತೆರೆದು ಬಟಾಬಯಲಿಗೆ ಕಾಲಿಡುತ್ತಾಳೆ. ರಾಗ ಕಟ್ಟಿದವರು ಒಪ್ಪದಿದ್ದರೆ ಹಾಡು ಬರುವುದಿಲ್ಲ, ತುಟಿ ಮಾತ್ರ ಅಲ್ಲಾಡುತ್ತದೆ. ಹೀಗಾಗಿ ನಮ್ಮೂರಲ್ಲಿ ಸಿನಿಮಾ ಮಾಡಬೇಕೆಂದು ಹೊರಟವರು ಕ್ಯಾಮೆರಾ ಬಾಡಿಗೆಗೆ ತರುವ ಮೊದಲು ನನ್ನ ಹತ್ತಿರ ಬರುತ್ತಾರೆ. ನಾನು ಪತ್ರ ಬರೆಯುವವನು. ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು, ಹೊಂಗೆ ಮರದ ಕೆಳಗೆ ನನ್ನ ಮೇಜು. ಹಿಂದೆ ಸ್ವಲ್ಪ ಕಾಲ ಪ್ರೈಮರಿ ಶಾಲೆಯಲ್ಲಿ ಕಾಪಿ ಬರೆಸುತ್ತಿದ್ದೆನಾದ್ದರಿಂದ ಎಲ್ಲರಿಗೂ ನಾನು ಪತ್ರದ ಮೇಷ್ಟ್ರು.

ಕಾತ್ಯಾಯಿನಿ ಬಂದದ್ದು ಒಂದು ಸೋಮವಾರ. ಮೂವತ್ತೇಳು ಮೂವತ್ತೆಂಟರ ಹೆಂಗಸು. ಹನ್ನೊಂದು ವರ್ಷ ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡಿದವಳು. ಸಾವಿರಾರು ಪಾಸ್‌ಪೋರ್ಟ್ ಸೈಜಿನ ಮುಖಗಳನ್ನು ಕತ್ತರಿಸಿ ಕವರಿಗೆ ಹಾಕಿದವಳಿಗೆ ಒಂದು ದಿನ, ಈ ಮುಖಗಳೆಲ್ಲ ನಡೆದಾಡಿ ಮಾತಾಡುವುದನ್ನು ನೋಡಬೇಕು ಎನ್ನಿಸಿತಂತೆ. ಕೈಯಲ್ಲಿ ಒಂದು ನೋಟ್‌ಬುಕ್ಕು ಇತ್ತು, ಯಾರ ಯಾರ ಹತ್ತಿರ ಏನೇನು ಬರೆಸಿಕೊಳ್ಳಬೇಕೆಂದು ಅಂದವಾಗಿ ಬರೆದುಕೊಂಡಿದ್ದಳು. ಜೊತೆಗೆ ಅವಳ ಗೆಳತಿ ಸರ್ವಮಂಗಳ. ಇಬ್ಬರೂ ಒಂದನೇ ತರಗತಿಯಿಂದ ಒಂದೇ ಬೆಂಚಿನವರು. ಹಣ ಹೊಂದಿಸಿದ್ದೂ ಇಬ್ಬರೂ ಸೇರಿ.

ಎರಡು ವಾರ ನಮಗೆ ಅದೇ ಕೆಲಸ. ನಟಿಗೆ ಒಂದು ಪತ್ರ ಬರೆದೆ. ಎಷ್ಟು ದಿನ ಬರಬೇಕು, ಎಷ್ಟು ಹೊತ್ತಿಗೆ ಬರಬೇಕು, ನಡುವೆ ಕೈಬಿಟ್ಟರೆ ಏನು ಗತಿ, ಮುಖಕ್ಕೆ ಒಪ್ಪಿಗೆ, ದನಿಗೆ ಬೇರೆ ಒಪ್ಪಿಗೆ. ಕ್ಯಾಮೆರಾ ಹಿಡಿಯುವವರಿಗೆ, ಹಾಡು ಕಟ್ಟಿದವರಿಗೆ, ಶೂಟಿಂಗಿಗೆ ಕೊಡುವ ಮೂರು ಮನೆಗಳ ಯಜಮಾನರಿಗೆ ಬರೆದೆ. ಗೆಳತಿಯರಿಬ್ಬರ ನಡುವೆಯೂ ಒಂದು ಪತ್ರ ಬೇಕು ಎಂದಾಗ ಅವರು ಮುಖ ಮುಖ ನೋಡಿಕೊಂಡು ನಕ್ಕರು, ಆದರೂ ಬರೆಸಿದರು. ಕೊನೆಗೆ ನಾನು ಕೇಳಿದೆ, ಕಥೆ ಯಾರದು, ಅದಕ್ಕೂ ಒಂದು ಬರೆಯೋಣವೇ ಎಂದು.

"ಕಥೆ ಇವಳದೇ ಮೇಷ್ಟ್ರೇ," ಎಂದಳು ಕಾತ್ಯಾಯಿನಿ. "ಇವಳ ಅಮ್ಮಂದು. ನಾವಿಬ್ರೂ ಒಂದೇ ತಟ್ಟೇಲಿ ಉಂಡು ಬೆಳೆದೋರು. ಅದಕ್ಕೂ ಪತ್ರ ಅಂದ್ರೆ ಇವಳು ಬೇಜಾರು ಮಾಡ್ಕೋತಾಳೆ."

ನಾನು ಒತ್ತಾಯ ಮಾಡಬೇಕಿತ್ತು. ಮಾಡಲಿಲ್ಲ. ಅವತ್ತು ಸಂಜೆ ಮಳೆ ಬರುವ ಹಾಗಿತ್ತು, ಮೇಜು ಎತ್ತಿಡುವ ಆತುರದಲ್ಲಿದ್ದೆ. ಮುಖ, ಮನೆ, ಹಾಡು ಇವೆಲ್ಲ ಕಣ್ಣಿಗೆ ಕಿವಿಗೆ ಸಿಕ್ಕುವಂಥವು. ಕಥೆ ಎಂಬುದು ಬಾಯಿಂದ ಬಾಯಿಗೆ ಹೋಗುವ ಗಾಳಿ, ಅದಕ್ಕೇನು ಒಡೆತನ ಎಂದು ನನಗೂ ಒಳಗೊಳಗೆ ಅನ್ನಿಸಿತ್ತೇನೋ.

ಕಥೆ ಇಷ್ಟು. ಸರ್ವಮಂಗಳಳ ತಾಯಿ ಕೆಂಪಾಜಮ್ಮ ನಮ್ಮೂರ ಹಳೇ ಪೇಟೆಯಲ್ಲಿ ರವಿಕೆ ಹೊಲಿಯುವವರು. ಅವರನ್ನು ಮದುವೆ ಮಾಡಿ ಕೊಟ್ಟದ್ದು ಹದಿನೆಂಟು ಮೈಲಿ ದೂರದ ಹಿರೇಕಟ್ಟೆಗೆ. ತವರಿನವರು ಕೊಟ್ಟಿದ್ದ ಹೊಲಿಗೆ ಯಂತ್ರವನ್ನು ಗಂಡ ಮಾರಲು ಹೊರಟ. ಕೊಳ್ಳುವವನು ಬರಬೇಕಿದ್ದ ದಿನ ಬೆಳಿಗ್ಗೆ, ಹೊಟ್ಟೆಯಲ್ಲಿ ನಾಲ್ಕು ತಿಂಗಳ ಮಗುವಿದ್ದ ಕೆಂಪಾಜಮ್ಮ ಯಂತ್ರದ ಕಬ್ಬಿಣದ ಭಾಗವನ್ನು ಬಿಚ್ಚಿ, ತಲೆಯ ಮೇಲೆ ಸಿಂಬೆ ಇಟ್ಟು, ಅದನ್ನು ಹೊತ್ತುಕೊಂಡು ಒಬ್ಬರೇ ಈ ಊರಿಗೆ ನಡೆದು ಬಂದರು. ಅದರ ಮರದ ಮೇಜನ್ನು ಆಮೇಲೆ ಇಲ್ಲೇ ಮಾಡಿಸಿ ಕೂರಿಸಿದರು. ಆ ಮಗುವೇ ಸರ್ವಮಂಗಳ. ಶಾಲೆಯ ಭಾಷಣದಲ್ಲಿ, ಕಾಲೇಜಿನ ಪ್ರಬಂಧದಲ್ಲಿ, ಎಲ್ಲಿ ಅವಕಾಶ ಸಿಕ್ಕಿದರೂ ಸರ್ವಮಂಗಳ ಇದನ್ನು ಹೇಳುತ್ತಿದ್ದಳು. ಹೇಳುವಾಗ ಅವಳ ಕತ್ತು ತಾನೇ ನೆಟ್ಟಗಾಗುತ್ತಿತ್ತು.

ಚಿತ್ರ ಏಳು ತಿಂಗಳಲ್ಲಿ ಮುಗಿಯಿತು. ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಪುರಭವನದಲ್ಲಿ ತೋರಿಸಿದರು. ನಾನು, ನನ್ನ ಹೆಂಡತಿ ಸುಭದ್ರೆ ಇಬ್ಬರೂ ಹೋಗಿದ್ದೆವು. ಎಲ್ಲವೂ ಸರಿಯಾಗಿ ಬಿದ್ದಿತ್ತು. ಮುಖ, ಮನೆ, ಹಾಡು, ಒಂದರಲ್ಲೂ ಕೊರತೆಯಿರಲಿಲ್ಲ. ಜನ ಅತ್ತರು, ನಕ್ಕರು, ಮುಗಿದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಾತ್ಯಾಯಿನಿ ಬಾಗಿಲ ಬಳಿ ನಿಂತು ಕೈಮುಗಿಯುತ್ತಿದ್ದಳು.

ಹೊರಗೆ ಬಂದ ಮೇಲೆ ಚಪ್ಪಲಿ ಹುಡುಕುತ್ತ ಸುಭದ್ರೆ ಕೇಳಿದಳು, "ಏನ್ರೀ, ಕಥೆ ಏನಾಯ್ತು?"

ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಚಕ್ರವೊಂದು ತಿರುಗಿದ್ದು ನೆನಪಿತ್ತು, ಯಾರದೋ ಪಾದ ನೆನಪಿತ್ತು, ಅಷ್ಟೇ. ಸುತ್ತ ನೋಡಿದರೆ ಎಲ್ಲರದೂ ಅದೇ ಸ್ಥಿತಿ. ಚೆನ್ನಾಗಿತ್ತು ಎನ್ನುತ್ತಿದ್ದರು, ಏನು ಚೆನ್ನಾಗಿತ್ತು ಎಂದರೆ ಹಣೆ ಉಜ್ಜಿಕೊಳ್ಳುತ್ತಿದ್ದರು. ಕಣ್ಣು ಇನ್ನೂ ಒದ್ದೆ, ಆದರೆ ಯಾಕೆ ಅತ್ತೆವೆಂದು ಗೊತ್ತಿಲ್ಲ. ಹಿರಿಯರೊಬ್ಬರು ಕಾತ್ಯಾಯಿನಿಯ ಬಳಿ ಬಂದು, ನನಗೆ ವಯಸ್ಸಾಯಿತಮ್ಮ, ತಪ್ಪು ತಿಳಿಯಬೇಡ ಎಂದು ಕ್ಷಮೆ ಕೇಳಿ ಹೋದರು. ಸರ್ವಮಂಗಳ ಕೂಡ ಒಂದು ಕಂಬಕ್ಕೆ ಒರಗಿಕೊಂಡು, ತನ್ನ ತಾಯಿಯ ಬದುಕನ್ನೇ ನೋಡಿ ಬಂದವಳು, ನಾವು ಇಷ್ಟೊತ್ತು ಏನು ನೋಡಿದೆವು ಎಂದು ಕೇಳಿದಳು.

ಜನ ಚದುರಿದ ಮೇಲೆ ಕಾತ್ಯಾಯಿನಿ ಮೆಟ್ಟಿಲ ಮೇಲೆ ಕೂತಳು. ಅವಳಿಗೆ ತಕ್ಷಣ ಅರ್ಥವಾಗಿತ್ತು, ನನಗೂ ಆಗಿತ್ತು. ಅವಳು ಗೆಳತಿಯನ್ನು ನೋಡದೆ, ನಿನಗೆ ಮನಸ್ಸಿನಲ್ಲಿ ಒಪ್ಪಿಗೆ ಇರಲಿಲ್ಲವೇನು ಎಂದು ಕೇಳಿದಳು. ಇನ್ನೇನು ಕೇಳಿದ್ದರೂ ಸರ್ವಮಂಗಳ ತಡೆದುಕೊಳ್ಳುತ್ತಿದ್ದಳು. ಮೆಟ್ಟಿಲಿಳಿದು ಹೊರಟುಹೋದಳು.

ಮಾರನೆಯ ದಿನ ನಾನು ಮೇಜು ಹಾಕುವ ಮೊದಲೇ ಸರ್ವಮಂಗಳ ಮರದ ಕೆಳಗೆ ನಿಂತಿದ್ದಳು. ಕಥೆಯ ಹಕ್ಕಿನ ಪತ್ರ ಬರೆಯಿರಿ ಎಂದಳು. ಬರೆದುಕೊಟ್ಟೆ. ಕಾಗದ ಹರಿಯುವ ಹಾಗೆ ಒತ್ತಿ ಸಹಿ ಹಾಕಿ, ಅದನ್ನು ನನ್ನ ಕೈಗೇ ಕೊಟ್ಟು, ಅವಳಿಗೆ ತಲುಪಿಸಿ ಎಂದು ಹೇಳಿ ಹೋದಳು. ಬುಧವಾರ ಮಧ್ಯಾಹ್ನ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಹತ್ತಿಪ್ಪತ್ತು ಜನರನ್ನು ಕೂರಿಸಿ ಮತ್ತೆ ತೋರಿಸಿದೆವು. ಚಹಾ ಕುಡಿಯುತ್ತ ಎಲ್ಲರೂ ಚೆನ್ನಾಗಿದೆ ಎಂದರು. ಏನು ಕಥೆ ಎಂದರೆ ಲೋಟದೊಳಗೆ ನೋಡಿದರು.

ಆಗ ನನಗೆ ಹೊಳೆಯಿತು. ಸರ್ವಮಂಗಳ ತನ್ನದಲ್ಲದ್ದನ್ನು ಬರೆದುಕೊಟ್ಟಿದ್ದಳು. ನಡೆದು ಬಂದವರು ಅವಳಲ್ಲ, ಅವಳ ತಾಯಿ. ಹೀಗೆಂದಾಗ ಕಾತ್ಯಾಯಿನಿ ಕೈಯಲ್ಲಿದ್ದ ಲೋಟ ಕೆಳಗಿಟ್ಟು, ಚಪ್ಪಲಿ ಮೆಟ್ಟಿ ಸೀದಾ ಸರ್ವಮಂಗಳಳ ಮನೆಗೆ ಹೋದಳು. ಏನು ಮಾತಾಡಿಕೊಂಡರೋ ತಿಳಿಯದು. ಗುರುವಾರ ಇಬ್ಬರೂ ಒಟ್ಟಿಗೆ ಬಂದರು, ಇಬ್ಬರ ಕಣ್ಣೂ ಊದಿತ್ತು.

ಕೆಂಪಾಜಮ್ಮ ಒಂದು ಮಾತಿಗೆ ಒಪ್ಪುತ್ತಾರೆಂದು ಅವರು ಅಂದುಕೊಂಡಿದ್ದರು. ಮೊದಲ ಸಲ ಹೋದಾಗ ಕೆಂಪಾಜಮ್ಮನ ಬಾಯಲ್ಲಿ ಗುಂಡುಪಿನ್ನುಗಳಿದ್ದವು, ಮಾತಾಡಲಿಲ್ಲ. ಎರಡನೇ ಸಲ, ಮದುವೆ ಸೀಸನ್ನು, ಕೈ ಬಿಡುವಿಲ್ಲ ಎಂದರು. ಮೂರನೇ ಸಲ ಗೆಳತಿಯರಿಬ್ಬರೂ ನನ್ನನ್ನು ಕರೆದುಕೊಂಡು ಹೋದರು. ಅಂಗಡಿ ಚಿಕ್ಕದು. ಗೋಡೆಯುದ್ದಕ್ಕೂ ಹೊಲಿದ ರವಿಕೆಗಳು, ಒಂದೊಂದಕ್ಕೂ ಹೆಸರಿನ ಚೀಟಿ. ಕೆಂಪಾಜಮ್ಮನಿಗೆ ಅರವತ್ತೆರಡು ಇರಬಹುದು, ಬೆನ್ನು ಯಂತ್ರದ ಕಡೆಗೇ ಬಾಗಿಹೋಗಿತ್ತು.

"ಬರೆದಿರೋದನ್ನ ಓದಿ ಮೇಷ್ಟ್ರೇ," ಎಂದರು.

ಓದಿದೆ. ಇಂಥ ಪತ್ರಗಳಲ್ಲಿ ಇರುವ ಮಾಮೂಲಿ ಸಾಲುಗಳು. ಈ ಕೆಳಗೆ ಸಹಿ ಮಾಡಿರುವ ನಾನು, ಸದರಿ ಕಥೆಯು ಸಂಪೂರ್ಣವಾಗಿ ನನ್ನದೇ ಎಂದೂ, ಇದರ ಮೇಲೆ ಬೇರೆ ಯಾರಿಗೂ ಯಾವುದೇ ಹಕ್ಕು ಇರುವುದಿಲ್ಲವೆಂದೂ, ಮುಂದೆ ಯಾರಾದರೂ ತಕರಾರು ತೆಗೆದಲ್ಲಿ ಅದಕ್ಕೆ ನಾನೇ ಜವಾಬ್ದಾರಳೆಂದೂ.

"ಆ ಸಾಲು ಇನ್ನೊಂದ್ಸಲ ಓದಿ."

ಮತ್ತೆ ಓದಿದೆ. ಅವರು ಕಾಲನ್ನು ಯಂತ್ರದ ಮೆಟ್ಟುಪಟ್ಟಿಯಿಂದ ತೆಗೆದರು.

"ಇದಕ್ಕೆ ನಾನು ರುಜು ಹಾಕಕ್ಕಾಗಲ್ಲ. ಅರ್ಧ ಕಥೆ ನಂದಲ್ಲ."

ಆಮೇಲೆ ಅವರು ಹೇಳಿದ್ದನ್ನು ನಾವು ಮೂವರೂ ನಿಂತಲ್ಲೇ ನಿಂತು ಕೇಳಿದೆವು. ಅವತ್ತು ಬೆಳಿಗ್ಗೆ ಅವರು ಒಬ್ಬರೇ ಹೊರಟಿರಲಿಲ್ಲ. ಹಿರೇಕಟ್ಟೆಯ ಆ ಮನೆಯಲ್ಲಿ ಅವರ ಗಂಡನ ತಂಗಿ ಇದ್ದಳು, ಚಿಕ್ಕತಾಯಮ್ಮ. ಹದಿನೇಳಕ್ಕೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದು ಸೇರಿದ್ದವಳು. ಯಂತ್ರವನ್ನು ಬಿಚ್ಚಿದ್ದು ಅವಳು, ಸಿಂಬೆ ಸುತ್ತಿದ್ದು ಅವಳು. ನಾಲ್ಕು ತಿಂಗಳ ಬಸುರಿ ಕಬ್ಬಿಣ ಹೊರುವುದುಂಟೇ ಎಂದು ತನ್ನ ತಲೆಯ ಮೇಲೆ ಇಟ್ಟುಕೊಂಡು ನಾಲೆಯ ಸೇತುವೆಯವರೆಗೆ ಹೊತ್ತು ತಂದವಳೂ ಅವಳೇ. ಅಲ್ಲಿಂದ ಈ ಊರ ಮಿಲ್ಲಿನ ಚಿಮಣಿ ಕಾಣುತ್ತದೆ. ಉಳಿದದ್ದು ಮೂರೇ ಮೈಲಿ. ಇಬ್ಬರೂ ಕಾಣೆಯಾದರೆ ಅಣ್ಣ ಹುಡುಕಿಕೊಂಡು ಬರುತ್ತಾನೆ, ನಾನು ಹಿಂದಿರುಗಿ, ಅತ್ತಿಗೆ ಇನ್ನೊಂದು ದಿಕ್ಕಿಗಿರುವ ತವರಿನ ದಾರಿ ಹಿಡಿದಳು ಎಂದು ಹೇಳುತ್ತೇನೆ ಎಂದು ಅವಳು ಸೇತುವೆಯ ಮೇಲೆ ಯಂತ್ರವನ್ನು ದಾಟಿಸಿ ತಿರುಗಿ ಹೋದಳು. ಹೋಗುವ ಮುಂಚೆ ಕೆಂಪಾಜಮ್ಮ ಅವಳ ಕೈ ಹಿಡಿದು, ತಲೆ ಮೇಲೊಂದು ಸೂರು ಅಂತ ಆದ ಕೂಡಲೇ ಕರೆಸಿಕೊಳ್ಳುತ್ತೇನೆ ಎಂದು ಮಾತು ಕೊಟ್ಟಿದ್ದರು.

"ಮೊದಲನೇ ವರ್ಷ ಇವಳು ಹುಟ್ಟಿದ್ಲು, ಇದ್ದಿದ್ದು ಒಂದು ಮೂಲೆ. ಎರಡನೇ ವರ್ಷ ಕರೆಸ್ಬೋದಿತ್ತು. ಅವಳಣ್ಣಂಗೆ ಗೊತ್ತಾದ್ರೆ ಅನ್ನೋ ಭಯ. ಆಮೇಲೆ ಭಯಾನೂ ಹೋಯ್ತು, ನಾಚಿಕೆ ಬಂತು. ದಿನ ಹೋದಷ್ಟೂ ಹೆಂಗೆ ಮುಖ ತೋರ್ಸೋದು ಅಂತ. ಇವಳು ಕೇಳ್ದಾಗ, ಒಬ್ಳೇ ಬಂದೆ ಅಂದ್ಬಿಟ್ಟೆ. ಒಂದ್ಸಲ ಅಂದ್ಮೇಲೆ ಅದೇ ಆಗೋಯ್ತು."

ಸರ್ವಮಂಗಳ ಗೋಡೆಗೆ ತೂಗುಹಾಕಿದ ರವಿಕೆಯೊಂದರ ಅಂಚನ್ನು ಹಿಡಿದು ನಿಂತಿದ್ದಳು. ಇಷ್ಟು ವರ್ಷ ತನಗೊಬ್ಬಳು ಸೋದರತ್ತೆ ಇದ್ದಾಳೆಂಬುದನ್ನೇ ಹೇಳಲಿಲ್ಲವಲ್ಲ ಎಂದಳು. ಕೋಪದ ದನಿಯಲ್ಲ, ಸಣ್ಣ ಮಗುವಿನ ದನಿ. ಕಾತ್ಯಾಯಿನಿ ಮೆಲ್ಲಗೆ, ಅವರು ಇದ್ದಾರಾ ಎಂದು ಕೇಳಿದಳು. ಹಿರೇಕಟ್ಟೆಯ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತಿದ್ದಳಂತೆ, ಅಣ್ಣ ತೀರಿಹೋದ ಮೇಲೆ ಶಾಲೆಯ ಹಿಂದೆ ಮನೆ ಮಾಡಿಕೊಂಡಳಂತೆ ಎಂದರು ಕೆಂಪಾಜಮ್ಮ. ಎಲ್ಲವನ್ನೂ ತಿಳಿದುಕೊಂಡೇ ಇದ್ದರು. ನೀವು ಹೋಗಿ ಬನ್ನಿ, ನನ್ನನ್ನು ಕರೆಯಬೇಡಿ ಎಂದರು.

ಶನಿವಾರ ಬೆಳಿಗ್ಗೆ ನಾವು ಬಸ್ ನಿಲ್ದಾಣಕ್ಕೆ ಹೋದಾಗ ಕೆಂಪಾಜಮ್ಮ ಹಿರೇಕಟ್ಟೆಯ ಬಸ್ಸಿನಲ್ಲಿ ಆಗಲೇ ಕೂತಿದ್ದರು. ಕಿಟಕಿಯ ಪಕ್ಕ, ಸೆರಗು ತಲೆಯ ಮೇಲೆ ಹೊದ್ದು. ನಾವೂ ಹತ್ತಿ ಹಿಂದಿನ ಸೀಟಿನಲ್ಲಿ ಕೂತೆವು. ನಾಲೆಯ ಸೇತುವೆ ದಾಟುವಾಗ ಅವರು ಕಣ್ಣು ಮುಚ್ಚಿಕೊಂಡಿದ್ದರು.

ಚಿಕ್ಕತಾಯಮ್ಮ ಜಗುಲಿಯ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ಎತ್ತರದ, ಗಟ್ಟಿ ಎಲುಬಿನ ಹೆಂಗಸು. ನಾಲ್ಕು ಜನ ಬಂದು ನಿಂತಾಗ ತಲೆಯೆತ್ತಿದರು, ಒಬ್ಬೊಬ್ಬರನ್ನೇ ನೋಡುತ್ತ ಬಂದು ಕೆಂಪಾಜಮ್ಮನ ಮೇಲೆ ಕಣ್ಣು ನಿಲ್ಲಿಸಿದರು.

"ಬಾ ಅತ್ತಿಗೆ," ಎಂದರು. "ಬಸ್ಸು ಸಿಗಕ್ಕೆ ಮೂವತ್ತೊಂಬತ್ತು ವರ್ಷ ಆಯ್ತೇನೋ."

ಕೆಂಪಾಜಮ್ಮ ಕಾಲು ಹಿಡಿಯಲು ಬಗ್ಗಿದರು. ಚಿಕ್ಕತಾಯಮ್ಮ ಕಾಲು ಹಿಂದೆ ತೆಗೆದುಕೊಂಡರು. ದೊಡ್ಡವಳು ನೀನು, ಅದೆಲ್ಲ ಬೇಡ ಎಂದು, ಒಳಗೆ ಹೋಗಿ ಚಾಪೆ ತಂದು ಹಾಸಿದರು. ಸರ್ವಮಂಗಳಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, ಇದೇನಾ ಆ ಹೊಟ್ಟೆ ಎಂದರು. ನೀರು ಕೊಟ್ಟರು, ಬೆಲ್ಲ ಕೊಟ್ಟರು. ಆಮೇಲೆ ಮತ್ತೆ ಒಳಗೆ ಹೋದವರು ಒಂದು ಟ್ರಂಕನ್ನೇ ಎಳೆದುಕೊಂಡು ಬಂದು ಮುಚ್ಚಳ ತೆಗೆದರು. ಒಳಗೆ ರವಿಕೆಗಳು. ಹಳತು, ಹೊಸತು, ಬಣ್ಣ ಹೋದವು, ಒಂದೆರಡು ತೊಡದೇ ಇಟ್ಟವು.

ಕೆಂಪಾಜಮ್ಮ ಒಂದನ್ನು ಎತ್ತಿಕೊಂಡು ಒಳಮೈ ತಿರುವಿದರು. ಹೊಲಿಗೆಯ ಮೇಲೆ ಬೆರಳಾಡಿಸಿದರು. ಅವರ ಮುಖ ಬದಲಾಯಿತು. "ಇವು ನಮ್ಮಂಗಡೀವು. ಬಸ್ ಕಂಡಕ್ಟ್ರು ಮನೆಯೋರು ಅಳತೆ ರವಿಕೆ ತಂದ್ಕೊಡ್ತಿದ್ರು. ತಮ್ಮಕ್ಕಂಗೆ ಅಂತ."

"ನಂಗೆ," ಎಂದರು ಚಿಕ್ಕತಾಯಮ್ಮ. "ಇಪ್ಪತ್ತಾರು ವರ್ಷದಿಂದ. ತೋಳಿನತ್ರ ಬಿಗಿ ಹಿಡೀತೀಯ ನೀನು. ಹೇಳ್ಕಳಿಸಿದ್ರೂ ಸಡಿಲ ಬಿಡ್ಲಿಲ್ಲ."

ಇಷ್ಟು ಹತ್ತಿರವಿದ್ದೂ ನೀನೇ ಯಾಕೆ ಬರಲಿಲ್ಲ ಎಂದು ಕೆಂಪಾಜಮ್ಮ ಕೇಳಿದರು.

"ಕರೆಸ್ಕೋತೀನಿ ಅಂದಿದ್ದೆ ನೀನು. ಕರೀದೆ ಬರೋಳಲ್ಲ ನಾನು."

ಶಾಲೆಯಲ್ಲಿ ಮಕ್ಕಳು ಮಗ್ಗಿ ಹೇಳುವುದು ಕೇಳುತ್ತಿತ್ತು. ಕಾತ್ಯಾಯಿನಿ, ನಾವು ಬಂದ ಕಾರಣವನ್ನು ಹೇಗೆ ಎತ್ತುವುದೆಂದು ತಿಳಿಯದೆ ನನ್ನ ಕಡೆ ನೋಡುತ್ತಿದ್ದಳು. ಕೊನೆಗೆ ಅವಳೇ ಹೇಳಿದಳು. ಏನನ್ನೂ ಮುಚ್ಚಿಡಲಿಲ್ಲ. ತಾನು ಸಿನಿಮಾ ಮಾಡಿದ್ದು, ಅದರಲ್ಲಿ ಚಿಕ್ಕತಾಯಮ್ಮ ಇಲ್ಲವೇ ಇಲ್ಲದ್ದು, ನೋಡಿದವರಿಗೆ ಏನೂ ನೆನಪುಳಿಯದೆ ಹೋದದ್ದು. ನಿಮಗೆ ಇಷ್ಟವಿಲ್ಲದಿದ್ದರೆ ಆ ಚಿತ್ರವನ್ನು ಡಬ್ಬಿಯಲ್ಲೇ ಇಡುತ್ತೇನೆ, ಬಲವಂತವಿಲ್ಲ ಎಂದಳು. ಏಳು ತಿಂಗಳ ದುಡಿಮೆಯನ್ನು ಅವಳು ಹೀಗೆ ಎತ್ತಿ ಜಗುಲಿಯ ಮೇಲೆ ಇಟ್ಟುಬಿಟ್ಟಳು.

ಚಿಕ್ಕತಾಯಮ್ಮ ಪತ್ರವನ್ನು ಎರಡು ಸಲ ಓದಿಸಿದರು. ನಾನು ಅಲ್ಲೇ ಕೂತು ಹಳೆಯ ಸಾಲು ಹೊಡೆದುಹಾಕಿ, ಸದರಿ ಕಥೆಯು ನಮ್ಮಿಬ್ಬರಿಗೂ ಸೇರಿದ್ದು ಎಂದು ಬರೆದೆ. ಅವರು ಷರತ್ತು ಹಾಕಿದರು. ತನ್ನ ಪಾತ್ರ ಮಾಡುವವಳು ಕಣ್ಣೀರಿಡುತ್ತ ಮೂಲೆಯಲ್ಲಿ ಕೂರುವ ವಿಧವೆಯಾಗಿರಬಾರದು, ಯಂತ್ರವನ್ನು ನಿಜವಾಗಿ ಹೊರುವ ಶಕ್ತಿ ಇರುವವಳಾಗಿರಬೇಕು. ಅದನ್ನು ಬರೆದುಕೊಂಡೆ.

"ಇನ್ನೊಂದು. ಅದನ್ನ ತೋರ್ಸೋವಾಗ ನಮ್ಮತ್ತಿಗೆ ಎಲ್ಲಿ ಕೂರ್ಬೇಕು ಅಂತ ಇದ್ರಲ್ಲಿದೆಯಾ?"

ಇಲ್ಲ ಎಂದೆ. ಅಂಥದ್ದನ್ನು ಯಾರೂ ಬರೆಸುವುದಿಲ್ಲ.

"ಬರೀರಿ. ನನ್ನ ಪಕ್ಕ ಕೂರ್ಬೇಕು."

ಬರೆದೆ. ಕೆಂಪಾಜಮ್ಮ ಮೊದಲು ಸಹಿ ಹಾಕಿದರು. ಚಿಕ್ಕತಾಯಮ್ಮ ಹುಣಸೆ ಅಂಟಿದ ಕೈ ತೊಳೆದು, ಸೆರಗಿನಲ್ಲಿ ಚೆನ್ನಾಗಿ ಒರೆಸಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆದರು.

ಮತ್ತೆ ಶೂಟಿಂಗ್ ಮಾಡಲು ಐದು ವಾರ ಬೇಕಾಯಿತು. ಹೊಸ ನಟಿಯನ್ನು ಹುಡುಕಲು ಕಾತ್ಯಾಯಿನಿ ನಟಿಸಲು ಬಂದವರ ತಲೆಯ ಮೇಲೆಲ್ಲ ಕಬ್ಬಿಣ ಇಟ್ಟು ನೋಡಿದಳು. ಸಿಕ್ಕಿದವಳು ಕಾಲೇಜಿನಲ್ಲಿ ಕಬಡ್ಡಿ ಆಡಿದ್ದ ನರ್ಸು. ನಾಲೆಯ ಸೇತುವೆಗೆ ನೀರಾವರಿಯವರ ಸಹಿ ಬೇಕಿತ್ತು, ಅದಕ್ಕೆ ನಾನು ಮತ್ತು ಸರ್ವಮಂಗಳ ಒಂಬತ್ತು ಸಲ ಕಚೇರಿಗೆ ಅಲೆದೆವು. ಸಹಿ ಬರುವ ಮೊದಲು ಆತುರಪಟ್ಟು ತೆಗೆದ ಒಂದು ದೃಶ್ಯದಲ್ಲಿ ಇಬ್ಬರು ಹೆಂಗಸರು ನೀರಿನ ಮೇಲೆ ಬರಿಗಾಳಿಯಲ್ಲಿ ನಡೆಯುತ್ತಿದ್ದರು. ಅದನ್ನು ಬಿಟ್ಟು ಕಾತ್ಯಾಯಿನಿ ಇನ್ನೊಮ್ಮೆ ತೆಗೆದಳು. ಗೆಳತಿಯರಿಬ್ಬರೂ ಮೊದಲಿಗಿಂತ ಕಡಿಮೆ ಮಾತಾಡುತ್ತಿದ್ದರು, ಆದರೆ ಒಬ್ಬರು ಹೇಳುವ ಮೊದಲೇ ಇನ್ನೊಬ್ಬರು ಬೇಕಾದ್ದನ್ನು ಎತ್ತಿಕೊಡುತ್ತಿದ್ದರು.

ಎರಡನೇ ಸಲ ತೋರಿಸಿದ್ದೂ ಭಾನುವಾರ ಬೆಳಿಗ್ಗೆಯೇ. ಪುರಭವನದ ಮೂರನೇ ಸಾಲಿನಲ್ಲಿ ಇಬ್ಬರು ಮುದುಕಿಯರು ಪಕ್ಕಪಕ್ಕ ಕೂತಿದ್ದರು. ಅವರ ಹಿಂದೆ ಕಾತ್ಯಾಯಿನಿ, ಅವಳ ಪಕ್ಕ ನಾನು. ಅವಳು ಪರದೆಯನ್ನು ನೋಡಲೇ ಇಲ್ಲ, ಉದ್ದಕ್ಕೂ ಜನರ ತಲೆಗಳನ್ನೇ ನೋಡುತ್ತಿದ್ದಳು. ದೀಪ ಹತ್ತಿದಾಗ ಚಪ್ಪಾಳೆ ಬಿತ್ತು. ಹೋದ ಸಲವೂ ಬಿದ್ದಿತ್ತಾದ್ದರಿಂದ ಅವಳು ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಬಾಗಿಲ ಕಡೆ ಹೋಗಿ, ಚಪ್ಪಲಿ ಬಿಟ್ಟ ಜಾಗದಲ್ಲಿ ಕಿವಿಯಾನಿಸಿ ನಿಂತಳು. ಸೊಪ್ಪು ಮಾರುವ ಹೆಂಗಸೊಬ್ಬಳು, ಒಳಗೆ ಬರಲಾಗದೆ ಹೊರಗೆ ಕೂತಿದ್ದ ತನ್ನ ಓರಗಿತ್ತಿಗೆ ಹೇಳುತ್ತಿದ್ದಳು. ನಾದಿನಿ ಹೊತ್ಕೊಂಡ್ಬಂದ್ಲು ಕಣೆ, ಸೇತುವೆಗಂಟ. ಆಮೇಲೆ ಅವಳು ವಾಪಸ್ ಹೋದ್ಲು, ಆ ಮನೆಗೇ. ಕಾತ್ಯಾಯಿನಿ ಗೋಡೆ ಹಿಡಿದುಕೊಂಡಳು. ಸರ್ವಮಂಗಳ ಎಲ್ಲಿದ್ದಳೋ, ಓಡಿಬಂದು ಅವಳ ತೋಳು ಹಿಡಿದಳು.

ನಾನು ಒಳಗೆ ಹೋದೆ. ಹಾಲ್ ಖಾಲಿಯಾಗಿತ್ತು, ಮೂರನೇ ಸಾಲಿನವರು ಮಾತ್ರ ಎದ್ದಿರಲಿಲ್ಲ. ಚಿಕ್ಕತಾಯಮ್ಮ ಬಿಳಿಯ ಪರದೆಯನ್ನೇ ನೋಡುತ್ತಿದ್ದರು.

"ಸೇತುವೆ ಮೇಲೆ ನೀನು ಅತ್ತಿದ್ದೆ," ಎಂದರು. "ಇದ್ರಲ್ಲಿ ನಿನ್ನ ಪಾತ್ರದೋಳು ಅಳಲೇ ಇಲ್ವಲ್ಲ."

"ನಾನೇ ಬೇಡ ಅಂದೆ," ಎಂದರು ಕೆಂಪಾಜಮ್ಮ. "ಕರೆಸ್ದೇ ಇದ್ದೋಳು ಅತ್ತಿದ್ದನ್ನ ಏನಂತ ತೋರ್ಸೋದು."

"ನಂಗೋಸ್ಕರ ಅತ್ತಿದ್ದಲ್ವ? ಹಂಗಾದ್ರೆ ಅದು ನಂದು. ಬೇಡ ಅನ್ನಕ್ಕೆ ನೀನ್ಯಾರು."

ಕೆಂಪಾಜಮ್ಮ ಅಲ್ಲೇ ಕುರ್ಚಿಯಲ್ಲಿ ಬಾಗಿ ಅಳತೊಡಗಿದರು. ದನಿ ಬಿಟ್ಟು ಅತ್ತರು. ಚಿಕ್ಕತಾಯಮ್ಮ ಅವರನ್ನು ಸಮಾಧಾನ ಮಾಡಲಿಲ್ಲ, ಸುಮ್ಮನಿರು ಎನ್ನಲೂ ಇಲ್ಲ. ಕೈ ಚಾಚಿ ಅವರ ಬೆನ್ನ ಮೇಲಿಟ್ಟು, ಇಷ್ಟು ವರ್ಷ ಬರಬೇಕಿದ್ದದ್ದು ಈಗ ಬಂದು ತಲುಪಿತೆಂಬಂತೆ, ಪೂರ್ತಿ ಮುಗಿಯುವವರೆಗೂ ಕೇಳುತ್ತ ಕೂತರು.